ಅಮೆರಿಕದ ಬಲಪಂಥೀಯ ಮಾಧ್ಯಮದ ಒಳಜಗಳ: ಕನ್ನಡದಲ್ಲಿ ಬರೆಯುವ ಮುನ್ನ

ಬೆಳಿಗ್ಗೆ ಏಳಕ್ಕೆ ಫೋನ್ ತೆರೆದರೆ ಒಂದೂವರೆ ನಿಮಿಷದ ಕ್ಲಿಪ್. ಫಾಕ್ಸ್ ನ್ಯೂಸ್‌ನ ಮಾಜಿ ನಿರೂಪಕ ಟಕರ್ ಕಾರ್ಲ್‌ಸನ್ ಯಾರನ್ನೋ ಜಾಡಿಸುತ್ತಿದ್ದಾರೆ. ಒಂಬತ್ತಕ್ಕೆ ಡೈಲಿ ವೈರ್ ಎಂಬ ಬಲಪಂಥೀಯ ಜಾಲ ಮಾಧ್ಯಮದ ಬೆನ್ ಶಪಿರೊ ಕೊಟ್ಟ ಉತ್ತರ. ಹನ್ನೊಂದರೊಳಗೆ ನಾನೂರು ಪದ ಕಳಿಸಿ ಎಂದು ಡೆಸ್ಕಿನಿಂದ ಕರೆ. ಈ ಅವಸರದಲ್ಲಿ ಹುಟ್ಟುವ ಕನ್ನಡ ಬರಹಗಳಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಜಗಳವನ್ನು ಟ್ರಂಪ್ ಪರ, ಟ್ರಂಪ್ ವಿರೋಧ ಎಂದು ಎರಡು ಹೋಳು ಮಾಡಿಬಿಡುವುದು. ಅಲ್ಲಿ ಇಬ್ಬರೂ ಟ್ರಂಪ್‌ಗೇ ಮತ ಹಾಕಿರುತ್ತಾರೆ. ಒಂದೇ ಪಂಗಡದ ದಾಯಾದಿಗಳ ಜಗಳ ಅದು. ದಾಯಾದಿ ಜಗಳದಲ್ಲಿ ಮಾತು ಕೇಳುವುದಕ್ಕಿಂತ ಮೊದಲು ಆಸ್ತಿ ಪತ್ರ ನೋಡಬೇಕು.

ಯಾರ ಅನ್ನ ಎಲ್ಲಿಂದ

ಜಗಳದಲ್ಲಿರುವ ಪ್ರತಿ ಹೆಸರಿನ ಮುಂದೆ ಒಂದು ಪದ ಬರೆದುಕೊಳ್ಳಿ: ಕೇಬಲ್, ಚಂದಾ, ದೇಣಿಗೆ, ಸ್ವಂತ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕೇಬಲ್ ಎಂದರೆ ಮುಖ್ಯವಾಗಿ ಫಾಕ್ಸ್ ನ್ಯೂಸ್, 1996ರಲ್ಲಿ ರೂಪರ್ಟ್ ಮರ್ಡೋಕ್ ಶುರು ಮಾಡಿದ್ದು. ಕೇಬಲ್ ಕಂಪನಿಗಳು ಮನೆಗಿಷ್ಟು ಎಂದು ಪ್ರತಿ ತಿಂಗಳು ಕೊಡುವ ಶುಲ್ಕ, ಅದರ ಮೇಲೆ ಜಾಹೀರಾತು. ಇಂಥ ಚಾನೆಲ್‌ಗೆ ಎದುರಾಳಿಗಿಂತ ತನ್ನದೇ ವೀಕ್ಷಕ ಎದ್ದುಹೋಗುವ ಭಯ ಹೆಚ್ಚು. 2020ರ ನವೆಂಬರ್ 3ರ ರಾತ್ರಿ ಅರಿಜೋನಾ ಬೈಡನ್ ಪಾಲಾಯಿತು ಎಂದು ಫಾಕ್ಸ್ ಎಲ್ಲರಿಗಿಂತ ಮೊದಲು ಘೋಷಿಸಿತು. ಸಿಟ್ಟಾದ ವೀಕ್ಷಕರು ಇನ್ನೊಂದು ಬಲಪಂಥೀಯ ಚಾನೆಲ್ ನ್ಯೂಸ್‌ಮ್ಯಾಕ್ಸ್ ಕಡೆ ಸರಿದರು. ಆಮೇಲೆ ಒಳಗೆ ಏನು ನಡೆಯಿತೆಂಬುದು ಮತಯಂತ್ರ ಕಂಪನಿ ಡೊಮಿನಿಯನ್ ಹೂಡಿದ ಮಾನನಷ್ಟ ಮೊಕದ್ದಮೆಯ ಕಡತಗಳಲ್ಲಿ ಇದೆ: ಚುನಾವಣಾ ಅಕ್ರಮದ ಮಾತನ್ನು ಖಾಸಗಿಯಾಗಿ ನಂಬದ ನಿರೂಪಕರು, ವೀಕ್ಷಕರು ಕೈತಪ್ಪುತ್ತಿದ್ದಾರೆ ಎಂಬ ಗಾಬರಿಯ ಮೆಸೇಜ್‌ಗಳು. 2023ರ ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆರು ದಿನ ಕಳೆದು, 24ರಂದು, ಕಾರ್ಲ್‌ಸನ್ ಹೊರಬಿದ್ದರು. ಇಲ್ಲಿ ಕೈ ಜಾರುವುದು ಸುಲಭ: 'ರಾಜಿಯಿಂದಾಗಿ ಕಾರ್ಲ್‌ಸನ್ ವಜಾ' ಎಂದು ಬರೆಯುವುದು. ಬೇರ್ಪಡಲು ಒಪ್ಪಿಕೊಂಡಿದ್ದೇವೆ ಎಂದಷ್ಟೇ ಫಾಕ್ಸ್ ಹೇಳಿತ್ತು, ಕಾರಣ ಕೊಟ್ಟಿರಲಿಲ್ಲ. ಎರಡು ತಾರೀಕು ಪಕ್ಕಪಕ್ಕದಲ್ಲಿ ಇಡಿ. ನಡುವೆ 'ಆದ್ದರಿಂದ' ಹಾಕಬೇಡಿ.

ಚಂದಾ ಎಂದರೆ ಡೈಲಿ ವೈರ್‌ನಂಥವು. ಶಪಿರೊ ಮತ್ತು ಜೆರೆಮಿ ಬೋರಿಂಗ್ 2015ರಲ್ಲಿ ಕಟ್ಟಿದ್ದು. ಇಲ್ಲಿನ ಲೆಕ್ಕ ಅರ್ಥವಾಗಬೇಕಾದರೆ 2023ರ ಜನವರಿಯಲ್ಲಿ ನಡೆದ, ಬಲಪಂಥೀಯ ಯೂಟ್ಯೂಬ್ ನಿರೂಪಕ ಸ್ಟೀವನ್ ಕ್ರೌಡರ್ ಪ್ರಕರಣ ನೋಡಬೇಕು. ದೊಡ್ಡ ಕಂಪನಿಯೊಂದು ತನಗೆ ಅನ್ಯಾಯದ ಒಪ್ಪಂದ ಮುಂದಿಟ್ಟಿತು, ದೊಡ್ಡ ಟೆಕ್ ಕಂಪನಿಗಳ ಕೈಗೊಂಬೆಯಾಗಿದೆ ಎಂದು ಕ್ರೌಡರ್ ಹೆಸರು ಹೇಳದೆ ದೂರಿದರು. ಆ ಕಂಪನಿ ನಾವೇ ಎಂದು ಬೋರಿಂಗ್ ಮುಂದೆ ಬಂದು ಕರಡು ಪತ್ರವನ್ನು ಕ್ಯಾಮೆರಾ ಮುಂದೆ ಸಾಲುಸಾಲಾಗಿ ಓದಿದರು: ನಾಲ್ಕು ವರ್ಷಕ್ಕೆ 5 ಕೋಟಿ ಡಾಲರ್, ಯೂಟ್ಯೂಬ್ ಜಾಹೀರಾತು ಹಣ ನಿಲ್ಲಿಸಿದರೆ ಅಥವಾ ಚಾನೆಲ್ ನಿಷೇಧಿಸಿದರೆ ಕಡಿತ. ಬೋರಿಂಗ್ ಜತೆಗಿನ ಫೋನ್ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದ ಕ್ರೌಡರ್ ಅದನ್ನೂ ಹೊರಬಿಟ್ಟರು. ವಾಕ್ ಸ್ವಾತಂತ್ರ್ಯದ ಹೋರಾಟ ಎಂದು ಶುರುವಾದದ್ದು ಕಡೆಗೆ ಕಡಿತದ ಷರತ್ತಿನ ಮೇಲೆ ಬಂದು ನಿಂತಿತು. ಎರಡೂ ನಿಜವಿರಬಹುದು. ಆದರೆ ಷರತ್ತನ್ನು ಬಿಟ್ಟು ಬರೀ ಸ್ವಾತಂತ್ರ್ಯದ ಬಗ್ಗೆ ಬರೆದ ವರದಿ ಅರೆಬೆಂದ ಅನ್ನ.

ದೇಣಿಗೆಯ ಮನೆಗಳು ಚಿಂತಕರ ಚಾವಡಿಗಳು, ಯುವ ಸಂಘಟನೆಗಳು: ಹೆರಿಟೇಜ್ ಫೌಂಡೇಶನ್, ಟರ್ನಿಂಗ್ ಪಾಯಿಂಟ್ ಯುಎಸ್‌ಎ. ತೆರಿಗೆ ವಿನಾಯಿತಿ ಪಡೆದ ಇವು ವರ್ಷಕ್ಕೊಮ್ಮೆ ಫಾರ್ಮ್ 990 ಸಲ್ಲಿಸಬೇಕು. ತನಿಖಾ ಸುದ್ದಿ ಸಂಸ್ಥೆ ಪ್ರೊಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಸಿಗುತ್ತದೆ. ಒಟ್ಟು ಆದಾಯ, ಮುಖ್ಯಸ್ಥರ ಸಂಬಳ, ಯಾರಿಗೆ ಅನುದಾನ ಕೊಟ್ಟರು ಎಂಬುದು ಕಾಣುತ್ತದೆ. ಯಾರು ದುಡ್ಡು ಕೊಟ್ಟರು ಎಂಬುದು ಕಾಣುವುದಿಲ್ಲ. ಅದನ್ನು ಹುಡುಕಿ ಹೊತ್ತು ಹಾಳು ಮಾಡಬೇಡಿ. ಪತ್ರಗಳು ಒಂದೆರಡು ವರ್ಷ ಹಳೆಯವಿರುತ್ತವೆ, ವರ್ಷ ನಮೂದಿಸಿ.

ಉಳಿದವರು ಸ್ವಂತ ಅಂಗಡಿಯವರು. ಕಾರ್ಲ್‌ಸನ್ 2023ರ ಡಿಸೆಂಬರ್‌ನಿಂದ, 2024ರ ಮಾರ್ಚ್‌ನಲ್ಲಿ ಡೈಲಿ ವೈರ್ ಬಿಟ್ಟ ಕ್ಯಾಂಡೇಸ್ ಓವೆನ್ಸ್, ವಾರ್ ರೂಮ್ ಪಾಡ್‌ಕಾಸ್ಟ್ ನಡೆಸುವ, ಟ್ರಂಪ್ ಅವರ ಹಳೆಯ ಸಲಹೆಗಾರ ಸ್ಟೀವ್ ಬ್ಯಾನನ್. ಇವರಿಗೆ ಜಗಳದಿಂದ ನಷ್ಟವಿಲ್ಲ, ಸಂಚಿಕೆ ಓಡುತ್ತದೆ. ಪ್ರಾಯೋಜಕರು ಯಾರೆಂದು ಕಿವಿಗೊಟ್ಟು ಕೇಳಿ, ಬರೆದಿಟ್ಟುಕೊಳ್ಳಿ. ಹಣದ ಮೂಲ ಕಾರ್ಯಕ್ರಮ ನಡೆಸುವವರಿಗೇ ಗೊತ್ತಿಲ್ಲದ ಸಂದರ್ಭವೂ ಇದೆ: ರಷ್ಯಾದ ಸರ್ಕಾರಿ ಟೀವಿ ಆರ್‌ಟಿಯ ಇಬ್ಬರು ನೌಕರರು ಸುಮಾರು 1 ಕೋಟಿ ಡಾಲರನ್ನು ಟೆನೆಸ್ಸೀಯ ಕಂಪನಿಯೊಂದಕ್ಕೆ ಹರಿಸಿದರು ಎಂದು 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆರೋಪ ಹೊರಿಸಿತು. ಅಲ್ಲಿ ಕಾರ್ಯಕ್ರಮ ಕೊಡುತ್ತಿದ್ದ ವ್ಯಾಖ್ಯಾನಕಾರರ ಮೇಲೆ ಆರೋಪವಿರಲಿಲ್ಲ. ಆ ಸಾಲನ್ನು ಬಿಡದೆ ಬರೆಯಬೇಕು.

ಗಡಿಯಾರ

ತಾರೀಕು ತಪ್ಪಿದರೆ ಯಾರು ಯಾರಿಗೆ ಉತ್ತರ ಕೊಟ್ಟರೆಂಬುದೇ ತಲೆಕೆಳಗಾಗುತ್ತದೆ. ನ್ಯೂಯಾರ್ಕ್, ವಾಷಿಂಗ್ಟನ್ ಸಮಯಕ್ಕೆ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಒಂಬತ್ತೂವರೆ ಗಂಟೆ ಕೂಡಿಸಿ, ಉಳಿದ ದಿನಗಳಲ್ಲಿ ಹತ್ತೂವರೆ. ರಾತ್ರಿ ಎಂಟರ ಫಾಕ್ಸ್ ಕಾರ್ಯಕ್ರಮ ನಮಗೆ ಬೆಳಗಿನ ಐದೂವರೆ ಅಥವಾ ಆರೂವರೆ. ಟರ್ನಿಂಗ್ ಪಾಯಿಂಟ್ ಸಮಾವೇಶ ನಡೆಯುವ ಫೀನಿಕ್ಸ್‌ನಲ್ಲಿ ಗಡಿಯಾರ ಹಿಂದೆಮುಂದೆ ಮಾಡುವ ಪದ್ಧತಿ ಇಲ್ಲ, ವರ್ಷವಿಡೀ ಹನ್ನೆರಡೂವರೆ ಗಂಟೆ. 'ನಿನ್ನೆ', 'ಇಂದು' ಎಂದು ಬರೆಯದೆ ಅಮೆರಿಕದ ತಾರೀಕು ಹಾಕಿ.

ಕ್ಲಿಪ್ ಸಾಲದು

2025ರ ಜೂನ್ 17ರಂದು ಕಾರ್ಲ್‌ಸನ್ ತಾವು ಮಾಡಿದ ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಸಂದರ್ಶನದ ತುಣುಕೊಂದನ್ನು ಬಿಟ್ಟರು. ಇರಾನಿನ ಜನಸಂಖ್ಯೆ ಎಷ್ಟು ಎಂದರೆ ಸೆನೆಟರ್‌ಗೆ ಗೊತ್ತಿಲ್ಲ. ಪೂರ್ತಿ ಸಂದರ್ಶನ ಬಂದದ್ದು ಮರುದಿನ, ಸುಮಾರು ಎರಡು ಗಂಟೆಯದು. ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ತುಣುಕನ್ನು ಆರಿಸಿದವರು ಜಗಳದ ಒಂದು ಪಕ್ಷ ಎಂಬುದನ್ನು ಓದುಗರಿಗೆ ಹೇಳದಿದ್ದರೆ ನಾವೇ ಅವರ ಕೈಯಾಳಾದಂತೆ.

ಹಾಗಾಗಿ ಪೂರ್ತಿ ವಿಡಿಯೊ ತೆರೆಯಿರಿ. ಎರಡು ಗಂಟೆ ನೋಡಬೇಕಿಲ್ಲ. ಯೂಟ್ಯೂಬಿನಲ್ಲಿ ವಿವರಣೆಯ ಕೆಳಗೆ ಟ್ರಾನ್‌ಸ್ಕ್ರಿಪ್ಟ್ ತೆರೆಯುವ ಬಟನ್ ಇರುತ್ತದೆ. ತೆರೆದು ಪುಟದಲ್ಲೇ ಪದ ಹುಡುಕಿ, ಆ ಮಾತಿನ ಹಿಂದಿನ ಮೂರು ನಿಮಿಷ, ಮುಂದಿನ ಮೂರು ನಿಮಿಷ ಕೇಳಿ. ತಾನಾಗಿ ಹುಟ್ಟುವ ಟ್ರಾನ್‌ಸ್ಕ್ರಿಪ್ಟ್ ಹೆಸರುಗಳನ್ನು ಕೆಡಿಸುತ್ತದೆ, ಮಾತು ಯಾರದ್ದೆಂದು ಹೇಳುವುದಿಲ್ಲ. ಉಲ್ಲೇಖಿಸುವ ಸಾಲನ್ನು ಕಿವಿಯಿಂದಲೇ ಖಚಿತಪಡಿಸಿಕೊಳ್ಳಿ, ನಿಮಿಷ-ಸೆಕೆಂಡ್ ಗುರುತು ಹಾಕಿಕೊಳ್ಳಿ. ಟೀವಿ ಮಾತಾದರೆ ಇಂಟರ್ನೆಟ್ ಆರ್ಕೈವ್‌ನ ಟೀವಿ ನ್ಯೂಸ್ ಸಂಗ್ರಹದಲ್ಲಿ ಕ್ಯಾಪ್ಷನ್ ಹುಡುಕಬಹುದು. ಎಕ್ಸ್ ಪೋಸ್ಟ್ ಆದರೆ ಮೊದಲು ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಲು ನೋಡಿ. ಅದು ಹಿಡಿಯದಿದ್ದರೆ ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್. ಜಗಳದ ಪೋಸ್ಟ್‌ಗಳು ಅಳಿಸಿಹೋಗುವುದು ಬೇಗ.

ಇನ್ನೊಂದು. 2025ರ ನವೆಂಬರ್‌ನಲ್ಲಿ ಎಕ್ಸ್ ಖಾತೆಗಳ ದೇಶ ತೋರಿಸಲು ಶುರು ಮಾಡಿದಾಗ, ಅಪ್ಪಟ ಅಮೆರಿಕನ್ ದೇಶಭಕ್ತರಂತೆ ಬರೆಯುತ್ತಿದ್ದ ಹಲವು ಖಾತೆಗಳು ಬೇರೆ ದೇಶದವು ಎಂದು ಗೊತ್ತಾಯಿತು. ಭಾರತದವೂ ಇದ್ದವು. 'ಟ್ರಂಪ್ ಬೆಂಬಲಿಗರು ಕೆರಳಿದ್ದಾರೆ' ಎಂದು ಬರೆಯುವ ಮೊದಲು ಕೆರಳಿದವರ ಪ್ರೊಫೈಲ್ ಒತ್ತಿ ನೋಡಿ. ವಿಪಿಎನ್ ಇದ್ದರೆ ಆ ಗುರುತೂ ತಪ್ಪಬಹುದು.

ಒಂದು ಜಗಳ ಬಿಡಿಸಿ ನೋಡೋಣ

ಬೆಂಗಳೂರಿಗೆ ನೇರವಾಗಿ ತಟ್ಟಿದ ಜಗಳ 2024ರ ಡಿಸೆಂಬರ್‌ನದು. 22ರಂದು ಟ್ರಂಪ್, ಚೆನ್ನೈನಲ್ಲಿ ಹುಟ್ಟಿದ ಶ್ರೀರಾಮ್ ಕೃಷ್ಣನ್ ಅವರನ್ನು ಎಐ ನೀತಿಯ ಸಲಹೆಗಾರರಾಗಿ ಹೆಸರಿಸಿದರು. ಟ್ರಂಪ್ ಬೆಂಬಲಿಗ ಕಾರ್ಯಕರ್ತೆ ಲಾರಾ ಲೂಮರ್, ಕೃಷ್ಣನ್ ಅವರ ಹಳೆಯ ಪೋಸ್ಟ್ ಎತ್ತಿ ತೋರಿಸಿ ದಾಳಿ ಮಾಡಿದರು. ಆ ಪೋಸ್ಟ್ ಇದ್ದದ್ದು ಗ್ರೀನ್ ಕಾರ್ಡ್‌ನ ದೇಶವಾರು ಮಿತಿಯ ಬಗ್ಗೆ. ಯಾವ ದೇಶಕ್ಕೂ ವರ್ಷದ ಪಾಲಿನಲ್ಲಿ ಶೇ 7ಕ್ಕಿಂತ ಹೆಚ್ಚು ಸಿಗಬಾರದು ಎಂಬ ನಿಯಮ ಅದು. ಭಾರತೀಯರು ವರ್ಷಾನುಗಟ್ಟಲೆ ಸಾಲಿನಲ್ಲಿ ನಿಲ್ಲಲು ಕಾರಣವೂ ಅದೇ. ಒಟ್ಟು ಮಿತಿಯನ್ನೇ ತೆಗೆಯಿರಿ ಎಂದು ಕೃಷ್ಣನ್ ಹೇಳಿಲ್ಲ ಎಂದು, ಎಐ ಉಸ್ತುವಾರಿಗೆ ಟ್ರಂಪ್ ಆರಿಸಿದ್ದ ಡೇವಿಡ್ ಸ್ಯಾಕ್ಸ್ ಬಿಡಿಸಿ ಹೇಳಿದರೂ ಜಗಳ ಎಚ್-1ಬಿ ಕಡೆಗೆ ಹೊರಳಿತು. ಎಚ್-1ಬಿ ಬೇರೆಯೇ ವಸ್ತು, ಪರಿಣತ ಕೆಲಸಗಾರರ ತಾತ್ಕಾಲಿಕ ವೀಸಾ: ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಮಾಡಿದವರಿಗೆ ಇನ್ನೂ 20,000, ದೇಶವಾರು ಮಿತಿ ಇಲ್ಲ.

26ರಂದು ರಿಪಬ್ಲಿಕನ್ ನಾಯಕ, ಉದ್ಯಮಿ ವಿವೇಕ್ ರಾಮಸ್ವಾಮಿ, ಅಮೆರಿಕನ್ ಸಂಸ್ಕೃತಿ ಓದುವ ಮಕ್ಕಳಿಗೆ ಬೆಲೆ ಕೊಡುವುದಿಲ್ಲ ಎಂದು ಉದ್ದನೆಯ ಪೋಸ್ಟ್ ಹಾಕಿ ಬೆಂಕಿಗೆ ತುಪ್ಪ ಸುರಿದರು. (ಅವರು ಸಿನ್ಸಿನಾಟಿಯಲ್ಲಿ ಹುಟ್ಟಿದವರು, 'ಭಾರತೀಯ ವಿವೇಕ್' ಎಂಬ ಶೀರ್ಷಿಕೆ ತಪ್ಪು.) ಇಲಾನ್ ಮಸ್ಕ್ ವೀಸಾ ಪರವಾಗಿ ತೊಡೆತಟ್ಟಿದರು, ಬ್ಯಾನನ್ ಎದುರು ನಿಂತರು. 28ರಂದು ಟ್ರಂಪ್ ನ್ಯೂಯಾರ್ಕ್ ಪೋಸ್ಟ್‌ಗೆ ತಾನು ಎಚ್-1ಬಿ ಮೆಚ್ಚುವವನು, ತನ್ನ ಆಸ್ತಿಗಳಲ್ಲೂ ಬಳಸುತ್ತೇನೆ ಎಂದರು. ಅವರ ಹೋಟೆಲು, ತೋಟಗಳು ಹೆಚ್ಚಾಗಿ ಬಳಸಿದ್ದು ತಾತ್ಕಾಲಿಕ ಕೆಲಸಗಾರರ ಎಚ್-2ಎ, ಎಚ್-2ಬಿ ವೀಸಾ. ಒಂದು ವಾರದಲ್ಲಿ ಮೂರು ಬೇರೆ ಬೇರೆ ಕಾಗದ ಒಂದೇ ಹೆಸರಿನಲ್ಲಿ ಓಡಾಡಿದವು.

ಆಗ ಮಸ್ಕ್ ಗೆದ್ದರು ಎಂದು ಬರೆದವರು 2025ರ ಸೆಪ್ಟೆಂಬರ್ 19ರಂದು ಪೇಚಿಗೆ ಸಿಕ್ಕರು. ಎಚ್-1ಬಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶಕ್ಕೆ ಟ್ರಂಪ್ ಅಂದು ಸಹಿ ಹಾಕಿದರು. ಪ್ರತಿ ವರ್ಷ ಕಟ್ಟಬೇಕು ಎಂದು ವಾಣಿಜ್ಯ ಸಚಿವ ಹೊವರ್ಡ್ ಲಟ್ನಿಕ್ ಅಂದರು. ಜಾರಿ 21ರ ರಾತ್ರಿ 12.01ಕ್ಕೆ, ಅಂದರೆ ನಮ್ಮ ಭಾನುವಾರ ಬೆಳಿಗ್ಗೆ 9.31. ರಜೆಗೆ ಬಂದಿದ್ದವರು ವಿಮಾನ ನಿಲ್ದಾಣಕ್ಕೆ ಓಡಿದರು. 20ರಂದು ಶ್ವೇತಭವನದ ವಕ್ತಾರೆ ಸ್ಪಷ್ಟಪಡಿಸಿದರು: ಒಮ್ಮೆ ಮಾತ್ರ, ಹೊಸ ಅರ್ಜಿಗೆ ಮಾತ್ರ, ವೀಸಾ ಇದ್ದವರು ಹೋಗಿಬರಬಹುದು. ನವೆಂಬರ್‌ನಲ್ಲಿ ಅದೇ ಟ್ರಂಪ್ ಫಾಕ್ಸ್‌ನ ಲಾರಾ ಇಂಗ್ರಹಾಂ ಎದುರು ಹೊರಗಿನ ಪ್ರತಿಭೆ ಬೇಕು ಎಂದು ವಾದಿಸಿದರು. ಆದ್ದರಿಂದ ಇಂಥ ಸುದ್ದಿಯಲ್ಲಿ 'ಗೆದ್ದರು' ಎಂಬ ಪದವನ್ನು ಬೀಗ ಹಾಕಿ ಇಡುವುದು ಒಳ್ಳೆಯದು. ಕಾಗದದಲ್ಲಿ ಏನಿದೆ, ಬಾಯಲ್ಲಿ ಏನಂದರು ಎಂದು ಎರಡು ಕಲಂ ಮಾಡಿ. ಆದೇಶದ ಪಠ್ಯ ಶ್ವೇತಭವನದ ಜಾಲತಾಣದಲ್ಲೇ ಸಿಗುತ್ತದೆ.

ಪದಗಳು

ಕನ್ಸರ್ವೇಟಿವ್ ಎಂಬುದಕ್ಕೆ 'ಸಂಪ್ರದಾಯವಾದಿ' ಎಂದರೆ ಕನ್ನಡದ ಓದುಗನ ಕಣ್ಣಿಗೆ ಮಡಿ-ಮೈಲಿಗೆಯವರು ಬರುತ್ತಾರೆ. ಕನ್ಸರ್ವೇಟಿವ್ ಎಂದೇ ಇಡಿ, ಇಲ್ಲವೇ ಬಲಪಂಥೀಯ ಎನ್ನಿ. ನಿಯೋಕಾನ್ ಎಂದರೆ ಹೊರದೇಶಗಳಲ್ಲಿ ಅಮೆರಿಕದ ಸೇನಾಬಲ ಬಳಸಬೇಕೆನ್ನುವವರು. ಈಗ ಅದು ಹೆಚ್ಚಾಗಿ ಬೈಗುಳ, ಬೈದವರ ಹೆಸರು ಹೇಳಿಯೇ ಬಳಸಬೇಕು. ಗ್ರೋಯ್ಪರ್ ಎಂದರೆ ಯಹೂದಿ ದ್ವೇಷದ ಮಾತಿಗೆ ಹೆಸರಾದ ಕಡು ಬಲಪಂಥೀಯ ನಿಕ್ ಫುಯೆಂಟೆಸ್ ಹಿಂಬಾಲಕ. ಗ್ರಿಫ್ಟರ್ ಎಂದರೆ ನಂಬಿಸಿ ದುಡ್ಡು ಹೊಡೆಯುವವ. ರೈನೊ ಎಂದರೆ ಹೆಸರಿಗಷ್ಟೇ ರಿಪಬ್ಲಿಕನ್. ಯಂತ್ರಾನುವಾದ ಅದನ್ನು ಘೇಂಡಾಮೃಗ ಮಾಡಿ ಕೂರಿಸುತ್ತದೆ, ನೋಡಿಕೊಳ್ಳಿ. ಬಿಜೆಪಿ, ಕಾಂಗ್ರೆಸ್ ಹೋಲಿಕೆಯನ್ನಂತೂ ಬಿಟ್ಟುಬಿಡಿ. ಸರ್ಕಾರ ಕೈ ಕಟ್ಟಿ ಕೂರಲಿ ಎನ್ನುವ ಬಲಪಂಥವನ್ನು ನಮ್ಮ ಪಕ್ಷಗಳ ಅಳತೆಗೋಲು ಅಳೆಯಲಾರದು.

ಸುದ್ದಿ ಕಾರ್ಯಕ್ರಮ, ಅಭಿಪ್ರಾಯ ಕಾರ್ಯಕ್ರಮದ ಭೇದವನ್ನೂ ಒಂದು ಸಾಲಿನಲ್ಲಿ ಹೇಳಿ. ಕಾರ್ಲ್‌ಸನ್ ಕಾರ್ಯಕ್ರಮದ ಮಾತನ್ನು ಅಕ್ಷರಶಃ ಸಂಗತಿ ಎಂದು ಪ್ರೇಕ್ಷಕ ತಿಳಿಯುವುದಿಲ್ಲ ಎಂಬ ಫಾಕ್ಸ್ ವಾದ ಒಪ್ಪಿ 2020ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಮಾನನಷ್ಟ ದಾವೆ ವಜಾ ಮಾಡಿದ್ದಾರೆ.

ಸಂಖ್ಯೆಗಳು

2023ರ ಆಗಸ್ಟ್ 23ರಂದು ರಿಪಬ್ಲಿಕನ್ ಚರ್ಚೆ ಫಾಕ್ಸ್‌ನಲ್ಲಿ, ಅದೇ ಹೊತ್ತಿಗೆ ಕಾರ್ಲ್‌ಸನ್ ಮಾಡಿದ ಟ್ರಂಪ್ ಸಂದರ್ಶನ ಎಕ್ಸ್‌ನಲ್ಲಿ. ಫಾಕ್ಸ್‌ಗೆ, ಟೀವಿ ವೀಕ್ಷಕರನ್ನು ಎಣಿಸುವ ನೀಲ್ಸನ್ ಲೆಕ್ಕದಲ್ಲಿ, 1.28 ಕೋಟಿ ವೀಕ್ಷಕರು. ಕಾರ್ಲ್‌ಸನ್ ಪೋಸ್ಟಿನ ಕೆಳಗಿನ ಅಂಕಿ 20 ಕೋಟಿ ದಾಟಿತು. ಮೊದಲನೆಯದು ಸರಾಸರಿಯಾಗಿ ಕೂತು ನೋಡಿದವರದು, ಎರಡನೆಯದು ಪೋಸ್ಟ್ ಕಣ್ಣೆದುರು ಹಾದುಹೋದ ಸಲಗಳದು. ಎರಡನ್ನು ಒಂದೇ ವಾಕ್ಯದಲ್ಲಿ ಹೋಲಿಸಬೇಡಿ.

ಬರೆದ ಮೇಲೆ ಒಂದು ದಿನ ಕಾಯುವ ಅವಕಾಶವಿದ್ದರೆ ಕಾಯಿರಿ. 2025ರ ಅಕ್ಟೋಬರ್ 27ರಂದು ಕಾರ್ಲ್‌ಸನ್ ಫುಯೆಂಟೆಸ್ ಸಂದರ್ಶನ ಹಾಕಿದರು. ನಿಜವಾದ ಸುದ್ದಿ ಬಂದದ್ದು 30ರಂದು, ಹೆರಿಟೇಜ್ ಅಧ್ಯಕ್ಷ ಕೆವಿನ್ ರಾಬರ್ಟ್ಸ್ ಕಾರ್ಲ್‌ಸನ್ ಪರ ನಿಂತಾಗ; ಅದರ ಬಿಸಿ ನವೆಂಬರ್‌ನಲ್ಲಿ, ಆಡಳಿತ ಮಂಡಳಿಯಿಂದ ರಾಬರ್ಟ್ ಜಾರ್ಜ್ ಹೊರನಡೆದಾಗ; ಮುಖಾಮುಖಿ ಡಿಸೆಂಬರ್‌ನಲ್ಲಿ, ಫೀನಿಕ್ಸ್‌ನ ವೇದಿಕೆಯಲ್ಲಿ ಶಪಿರೊ ಮತ್ತು ಕಾರ್ಲ್‌ಸನ್ ಒಂದೇ ದಿನ ಮಾತಾಡಿದಾಗ. ಕಾಯಲು ಆಗದಿದ್ದರೆ ಕಡೆಯ ಪ್ಯಾರಾದಲ್ಲಿ ನೀವು ಯಾವ ಹೊತ್ತಿನವರೆಗಿನ ಬೆಳವಣಿಗೆ ನೋಡಿದ್ದೀರಿ ಎಂದು ಗಂಟೆ ಸಮೇತ ಹಾಕಿ.