ಕಾಲಿಗೂ ಬಿಸಿ ತಾಗಬೇಕು: ನಾನು ಎರಡು ಸಲ ಕಟ್ಟಿದ ಸೌನಾ

ಸೌನಾ ಅಂದರೆ ಕಾದ ಕಲ್ಲಿನ ಬಿಸಿಯಲ್ಲಿ ಕೂತು ಬೆವರುವ ಮರದ ಕೋಣೆ. ನನ್ನ ಮೊದಲ ಸೌನಾದಲ್ಲಿ ತಲೆ ಸುಡುತ್ತಿತ್ತು, ಪಾದ ತಣ್ಣಗಿರುತ್ತಿತ್ತು. ಹೀಟರ್ ಹೊಸದು, ಹಲಗೆ ಒಳ್ಳೆಯದು, ಬಡಗಿ ಕೆಲಸವೂ ಅಚ್ಚುಕಟ್ಟು. ಆದರೂ ಹತ್ತು ನಿಮಿಷ ಕೂತರೆ ಕಿವಿ ಉರಿಯುತ್ತಿತ್ತು, ಕಾಲು ಮಡಚಿ ಬೆಂಚಿನ ಮೇಲೆ ಎತ್ತಿಕೊಳ್ಳೋಣ ಅನಿಸುತ್ತಿತ್ತು. ಎರಡು ಥರ್ಮಾಮೀಟರ್ ತಂದು ಒಂದನ್ನು ತಲೆಯ ಮಟ್ಟಕ್ಕೆ, ಇನ್ನೊಂದನ್ನು ಪಾದದ ಮಟ್ಟಕ್ಕೆ ತೂಗುಹಾಕಿದೆ. ಮೇಲೆ 85 ಡಿಗ್ರಿ ಸೆಲ್ಸಿಯಸ್, ಕೆಳಗೆ 45. ಕೂತವರ ತಲೆಗೂ ಕಾಲಿಗೂ 40 ಡಿಗ್ರಿ ಅಂತರ. ಆ ವಾರವೇ ಬೆಂಚು ಬಿಚ್ಚಲು ಶುರು ಮಾಡಿದೆ.

ತಪ್ಪು ಆಗಿದ್ದು ಕಾಗದದ ಮೇಲೆ ಪ್ಲಾನ್ ಹಾಕುವಾಗಲೇ. ಚಾವಣಿ ತಗ್ಗಿದ್ದರೆ ಕೋಣೆ ಬೇಗ ಕಾಯುತ್ತದೆ, ಕರೆಂಟ್ ಉಳಿಯುತ್ತದೆ ಅಂತ ಎಲ್ಲರೂ ಹೇಳಿದ್ದರು. ಅದಕ್ಕೆ 2.1 ಮೀಟರ್‌ಗೆ ಚಾವಣಿ ಕೂರಿಸಿದೆ. ಮೇಲಿನ ಬೆಂಚು ನೆಲದಿಂದ 90 ಸೆಂಟಿಮೀಟರ್, ಕಾಲಿಡುವ ಬೆಂಚು 45. ನೋಡಲು ಚೆನ್ನಾಗಿತ್ತು, ಹತ್ತಿ ಇಳಿಯಲು ಸುಲಭವಾಗಿತ್ತು. ಆದರೆ ಹೀಟರಿನಲ್ಲಿ ತುಂಬಿದ ಕಲ್ಲುಗಳ ತುದಿ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿತ್ತು. ಅಂದರೆ ನನ್ನ ಪಾದ ಕಲ್ಲಿಗಿಂತ ಒಂದು ಅಡಿ ಕೆಳಗೆ. ಬಿಸಿ ಗಾಳಿ ಕಲ್ಲಿನಿಂದ ನೇರ ಮೇಲೇರುತ್ತದೆ, ಚಾವಣಿಗೆ ತಾಗಿ ಹರಡಿಕೊಳ್ಳುತ್ತದೆ. ಕಲ್ಲಿಗಿಂತ ಕೆಳಗೆ ಆ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ಅಲ್ಲಿ ಕಾಲಿಟ್ಟು ಕೂತರೆ ಬಿಸಿ ಸಿಗುವುದಾದರೂ ಹೇಗೆ, ಅಲ್ವಾ?

ಫಿನ್ಲೆಂಡಿನ ಜನ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ಅವರ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಕಲ್ಲಿನ ಮೇಲೆ ನೀರು ಹುಯ್ದಾಗ ಏಳುವ ಹಬೆಗೆ ಅವರು 'ಲೋಯ್ಲು' ಅನ್ನುತ್ತಾರೆ. ಕೂತವರ ಪಾದ ಕಲ್ಲಿನ ಮಟ್ಟಕ್ಕಿಂತ ಮೇಲಿರಬೇಕು ಅನ್ನುವುದು ಅಲ್ಲಿನವರ ಹಳೆಯ ಲೆಕ್ಕ. ನಾನು ಅದನ್ನು ಓದಿದ್ದು ಮೊದಲ ಸೌನಾ ಕಟ್ಟಿ ಮುಗಿಸಿದ ಮೇಲೆ.

ಎರಡನೇ ಸಲ ಪ್ಲಾನನ್ನು ಚಾವಣಿಯಿಂದ ಕೆಳಕ್ಕೆ ಹಾಕುತ್ತಾ ಬಂದೆ. ಕೋಣೆಗೆ ಸಿಗುತ್ತಿದ್ದ ಪೂರ್ತಿ ಎತ್ತರ, 2.5 ಮೀಟರ್, ಬಳಸಿಕೊಂಡೆ. ಅದರಿಂದ 1.1 ಮೀಟರ್ ಕಳೆದೆ. ಕೂತಾಗ ತಲೆಯ ಮೇಲೆ ಒಂದು ಗೇಣಿನಷ್ಟು ಜಾಗ ಉಳಿದರೆ ಸಾಕು. ಹಾಗಾಗಿ ಮೇಲಿನ ಬೆಂಚು 1.4 ಮೀಟರ್‌ಗೆ ಬಂತು. ಅದರಿಂದ 45 ಸೆಂಟಿಮೀಟರ್ ಕೆಳಗೆ ಕಾಲಿಡುವ ಬೆಂಚು, ಅಂದರೆ ನೆಲದಿಂದ 95. ಈಗ ಪಾದ ಕಲ್ಲಿಗಿಂತ 20 ಸೆಂಟಿಮೀಟರ್ ಮೇಲೆ. ಹತ್ತಲು ಇನ್ನೊಂದು ಮೆಟ್ಟಿಲು ಬೇಕಾಯಿತು, ಪಕ್ಕಕ್ಕೆ ಹಿಡಿಕೆಯೂ ಬೇಕಾಯಿತು. ಅದು ದೊಡ್ಡ ತೊಂದರೆಯಲ್ಲ. ಬೆಂಚಿನ ಅಗಲ 60 ಸೆಂಟಿಮೀಟರ್ ಇಟ್ಟೆ. ಉದ್ದ 2 ಮೀಟರ್, ಕಾಲು ಚಾಚಿ ಮಲಗಬಹುದು.

ಇನ್ನು ಹೀಟರ್. ಇಲ್ಲೂ ಮೊದಲ ಸಲ ಎಡವಿದ್ದೆ. ಒಳಗಿನ ಅಳತೆ 1.8 ಮೀಟರಿಗೆ 2 ಮೀಟರ್, ಎತ್ತರ 2.1. ಗುಣಿಸಿದರೆ ಸುಮಾರು 7.6 ಘನ ಮೀಟರ್. ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 1 ಕಿಲೋವಾಟ್ ಅನ್ನುವುದು ಸಾಮಾನ್ಯ ಲೆಕ್ಕ. 6 ಕಿಲೋವಾಟ್ ಹೀಟರ್ ಸಾಕು, ಸ್ವಲ್ಪ ನಿಧಾನ ಅಷ್ಟೇ ಅಂತ ಮಾರಿದವರು ಹೇಳಿದರು, ನಾನೂ ಒಪ್ಪಿದೆ. ಗಾಜನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಬಾಗಿಲು ಪೂರ್ತಿ ಗಾಜಿನದು, ಪಕ್ಕದಲ್ಲಿ ಒಂದು ಗಾಜಿನ ಗೋಡೆ. ಎರಡೂ ಸೇರಿ 2.5 ಚದರ ಮೀಟರ್. ಗಾಜು, ಟೈಲ್ಸ್, ಬರೀ ಕಲ್ಲಿನ ಗೋಡೆ ಇವೆಲ್ಲ ಬಿಸಿಯನ್ನು ಹೀರಿಕೊಳ್ಳುತ್ತವೆ. ಅಂಥ ಒಂದೊಂದು ಚದರ ಮೀಟರಿಗೂ ಕೋಣೆಯ ಲೆಕ್ಕಕ್ಕೆ ಸುಮಾರು 1.2 ಘನ ಮೀಟರ್ ಸೇರಿಸಬೇಕು. ಸೇರಿಸಿದ್ದರೆ 10.6 ಆಗುತ್ತಿತ್ತು. ಆ 6 ಕಿಲೋವಾಟ್ ಹೀಟರ್ ಎರಡು ಗಂಟೆ ಒದ್ದಾಡಿದರೂ ಕಲ್ಲು ಒಳಗಿನಿಂದ ಕಾಯುತ್ತಿರಲಿಲ್ಲ. ನೀರು ಹಾಕಿದರೆ ಸುಯ್ ಅನ್ನುವ ಬದಲು ಕೆಳಗೆ ಸೋರಿ ಹೋಗುತ್ತಿತ್ತು. ಹೊಸ ಎತ್ತರದಲ್ಲಿ ಕೋಣೆ 9 ಘನ ಮೀಟರ್, ಗಾಜು ಸೇರಿಸಿದರೆ 12. ಆ ಸಾಮಾನ್ಯ ಲೆಕ್ಕಕ್ಕೆ ಸ್ವಲ್ಪ ಕಡಿಮೆಯಾದರೂ 9 ಕಿಲೋವಾಟ್ ಹೀಟರ್ ತಂದೆ, ಅದೇ ಸಾಕಾಯಿತು. ಈಗ ಒಂದು ಗಂಟೆಯೊಳಗೆ ಕಲ್ಲು ಸಿದ್ಧ.

9 ಕಿಲೋವಾಟ್ ಅಂದರೆ ತ್ರೀ ಫೇಸ್ ಬೇಕು. ಒಂದೊಂದು ಫೇಸಿಗೂ ಸುಮಾರು 13 ಆಂಪಿಯರ್. ಈ ಕೆಲಸಕ್ಕೆ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಬಿಸಿ ತಡೆಯುವ ಕೇಬಲ್ ಎಳೆದರು. ಸಾಮಾನ್ಯ ಪಿವಿಸಿ ವೈರ್ ಆ ಬಿಸಿಯಲ್ಲಿ ಮೆತ್ತಗಾಗುತ್ತದೆ. ಸ್ವಿಚ್ಚು, ಟೈಮರು, ಕಂಟ್ರೋಲ್ ಪೆಟ್ಟಿಗೆ ಎಲ್ಲ ಹೊರಗೆ. ಹೀಟರಿನ ಸುತ್ತ ಮರಕ್ಕೆ ಎಷ್ಟು ದೂರ ಬಿಡಬೇಕು ಅಂತ ಕೈಪಿಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅಲ್ಲಿ ಒಂದು ಬೆರಳಷ್ಟೂ ಕಡಿಮೆ ಮಾಡುವಂತಿಲ್ಲ.

ಗೋಡೆಯೊಳಗಿನ ಪದರಗಳು ಕಣ್ಣಿಗೆ ಬೀಳುವುದಿಲ್ಲ. ಆದರೆ ಸೌನಾ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಅಲ್ಲಿಯೇ ನಿರ್ಧಾರವಾಗುತ್ತದೆ. ನಾನು ಮರದ ಚೌಕಟ್ಟಿನ ನಡುವೆ ಬಿಸಿ ತಡೆಯುವ ಕಲ್ಲಿನ ನಾರು, ಅಂದರೆ ರಾಕ್‌ವುಲ್ ತುಂಬಿದೆ, ಗೋಡೆಗೆ 100 ಮಿಲಿಮೀಟರ್, ಚಾವಣಿಗೆ 150. ಥರ್ಮಾಕೋಲ್ ಹಾಕಬಹುದಾ ಅಂತ ಒಬ್ಬರು ಕೇಳಿದರು. ಖಂಡಿತ ಬೇಡ. 80 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಕುಸಿಯುತ್ತದೆ. ರಾಕ್‌ವುಲ್ ಮೇಲೆ, ಅಂದರೆ ಬಿಸಿ ಇರುವ ಕಡೆಗೆ, ಅಲ್ಯೂಮಿನಿಯಂ ಫಾಯಿಲ್. ಹೊಳೆಯುವ ಮುಖ ಒಳಗಡೆಗೆ. ಕೂಡುವ ಜಾಗದಲ್ಲೆಲ್ಲ ಅಲ್ಯೂಮಿನಿಯಂ ಟೇಪ್. ಹಬೆ ಒಂದು ಸಣ್ಣ ತೂತಿನಿಂದ ಒಳನುಗ್ಗಿದರೂ ಸಾಕು, ಗೋಡೆಯೊಳಗೆ ತಣ್ಣಗಿನ ಜಾಗದಲ್ಲಿ ನೀರಾಗುತ್ತದೆ. ಆಮೇಲೆ ರಾಕ್‌ವುಲ್ ಒದ್ದೆ, ಮರಕ್ಕೆ ಬೂಷ್ಟು. ಟೇಪ್ ಹಚ್ಚುವ ಕೆಲಸಕ್ಕೆ ನಾನು ಎರಡು ದಿನ ತೆಗೆದುಕೊಂಡೆ. ಕೋಣೆ ಕತ್ತಲು ಮಾಡಿ, ಒಬ್ಬರನ್ನು ಹೊರಗೆ ಟಾರ್ಚ್ ಹಿಡಿದು ನಿಲ್ಲಿಸಿ, ವೈರ್ ಮತ್ತು ಪೈಪ್ ಹೊರಬರುವ ಜಾಗಗಳಲ್ಲಿ ಬೆಳಕು ತೂರಿ ಬರುತ್ತದಾ ಅಂತ ನೋಡಿದೆ. ಎರಡು ಕಡೆ ಬಂತು. ಮತ್ತೆ ಟೇಪ್.

ಫಾಯಿಲ್ ಮೇಲೆ ನೇರ ಹಲಗೆ ಹೊಡೆಯಬಾರದು. ನಡುವೆ 20 ಮಿಲಿಮೀಟರ್ ರೀಪು ಹೊಡೆದೆ. ಆ ಸಂದಿಯಲ್ಲಿ ಗಾಳಿ ಆಡಿದರೆ ಹಲಗೆಯ ಬೆನ್ನು ಒಣಗುತ್ತದೆ. ಹಲಗೆಯನ್ನು ಚಾವಣಿಗೆ ಮತ್ತು ನೆಲಕ್ಕೆ ಒತ್ತಿ ಕೂರಿಸದೆ ಮೇಲೂ ಕೆಳಗೂ ಸ್ವಲ್ಪ ಬಿಟ್ಟೆ.

ಮರದ ವಿಷಯದಲ್ಲಿ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಗೋಡೆಗೆ ಹಲವು ಬಗೆಯ ಮರ ಆಗುತ್ತದೆ. ಆದರೆ ಬೆಂಚಿಗೆ ಹಗುರವಾದ, ಗಂಟಿಲ್ಲದ, ಅಂಟು ಒಸರದ ಮರವೇ ಬೇಕು. ಆಸ್ಪೆನ್, ಆಲ್ಡರ್, ಅಬಾಚಿ ಇಂಥವು. ಮರ ಹಗುರವಿದ್ದಷ್ಟೂ ಮೈಗೆ ಬಿಸಿ ದಾಟುವುದು ನಿಧಾನ. ಗಂಟು ಇದ್ದರೆ ಆ ಜಾಗ ಮಾತ್ರ ಚುರ್ ಅನ್ನುತ್ತದೆ. ನಾನು ಆಸ್ಪೆನ್ ಹಾಕಿದೆ. ಸ್ಕ್ರೂ ಎಲ್ಲ ಕೆಳಗಿನಿಂದ, ಮೇಲೆ ಒಂದೂ ಲೋಹ ಕಾಣದ ಹಾಗೆ. ವಾರ್ನಿಷ್ ಬಳಿಯಲೇ ಇಲ್ಲ. ಕಾದಾಗ ಅದರ ಹೊಗೆಯನ್ನು ನಾವೇ ಉಸಿರಾಡಬೇಕಾಗುತ್ತದೆ. ಬೆಂಚಿಗೆ ಸೌನಾಕ್ಕೆಂದೇ ಸಿಗುವ ಪ್ಯಾರಫಿನ್ ಎಣ್ಣೆ ಒಂದು ಕೈ ಸವರಿದೆ, ಅಷ್ಟೇ.

ಈಗ ಗಾಳಿಯ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದು. ಮೊದಲ ಸೌನಾದಲ್ಲಿ ಹೊಸ ಗಾಳಿಯ ಕಿಂಡಿಯನ್ನು ಹೀಟರಿನ ಪಕ್ಕ, ನೆಲದ ಹತ್ತಿರ ಇಟ್ಟಿದ್ದೆ. ಹೊರಹೋಗುವ ಕಿಂಡಿ ಎದುರು ಗೋಡೆಯಲ್ಲಿ, ಅದೂ ಕೆಳಗೆ, ಫ್ಯಾನಿನ ಜೊತೆ. ಒಂದು ಊದಿನಕಡ್ಡಿ ಹಚ್ಚಿ ಕಿಂಡಿಯ ಬಾಯಿಗೆ ಹಿಡಿದೆ. ಹೊಗೆ ಕಲ್ಲಿನ ಕಡೆಗೆ ತಿರುಗಲೇ ಇಲ್ಲ. ನೆಲಕ್ಕೆ ಅಂಟಿಕೊಂಡ ಹಾಗೆ ಹರಿದು, ನನ್ನ ಕಾಲಿನ ಪಕ್ಕದಲ್ಲೇ ಹಾದು, ಎದುರಿನ ಕಿಂಡಿಯಲ್ಲಿ ಹೊರಟು ಹೋಯಿತು. ತಣ್ಣನೆಯ ಗಾಳಿಯ ಒಂದು ತೊರೆಯಲ್ಲಿ ನಾನು ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಉಸಿರಾಡುವ ಗಾಳಿ ಮಾತ್ರ ಹಳೆಯದೇ, ಅದಕ್ಕೇ ಬೇಗ ತಲೆ ಭಾರ ಆಗುತ್ತಿತ್ತು.

ಎಲೆಕ್ಟ್ರಿಕ್ ಹೀಟರ್ ಮತ್ತು ಫ್ಯಾನ್ ಇರುವ ಸೌನಾದಲ್ಲಿ ಒಳಬರುವ ಕಿಂಡಿ ಹೀಟರಿನ ಮೇಲ್ಗಡೆ ಇರಬೇಕು. ಹೊರಗಿನ ಗಾಳಿ ತಣ್ಣಗಿದ್ದರೆ ಭಾರ, ಕೆಳಗಿಳಿಯುತ್ತದೆ. ಇಳಿಯುವಾಗ ಕಲ್ಲಿನಿಂದ ಏಳುವ ಬಿಸಿ ಗಾಳಿಗೆ ಸಿಕ್ಕಿ ಬೆರೆಯುತ್ತದೆ. ಬೆರೆತ ಗಾಳಿ ಕೂತವರ ಮುಖ, ಎದೆ, ಕಾಲು ದಾಟಿ ಕಾಲಿಡುವ ಬೆಂಚಿನ ಕೆಳಗಿನ ಕಿಂಡಿಯಿಂದ ಹೊರಹೋಗುತ್ತದೆ. ಅಂದರೆ ಫ್ಯಾನ್ ಬಿಸಿಯನ್ನು ಕೆಳಕ್ಕೆ ಎಳೆದುಕೊಡುತ್ತದೆ. ಗಂಟೆಗೆ ಆರು ಸಲ ಕೋಣೆಯ ಗಾಳಿ ಬದಲಾಗಬೇಕು ಅನ್ನುವ ಲೆಕ್ಕದಲ್ಲಿ ನನ್ನ 9 ಘನ ಮೀಟರಿಗೆ ಗಂಟೆಗೆ 54 ಘನ ಮೀಟರ್. ಅದಕ್ಕೆ ಚಿಕ್ಕ ಫ್ಯಾನು, 100 ಮಿಲಿಮೀಟರ್ ಪೈಪು ಸಾಕಾಯಿತು. ಒಂದು ಎಚ್ಚರಿಕೆ: ಬಿಸಿ ಅಳೆಯುವ ಸೆನ್ಸರ್ ಗಾಳಿ ಒಳಬರುವ ಕಿಂಡಿಯ ಪಕ್ಕ ಇರಕೂಡದು. ತಣ್ಣಗಿನ ಗಾಳಿ ಅದಕ್ಕೆ ಬಡಿದರೆ ಕೋಣೆ ಇನ್ನೂ ಕಾದಿಲ್ಲ ಅಂತ ತಿಳಿದು ಹೀಟರ್ ಉರಿಯುತ್ತಲೇ ಇರುತ್ತದೆ. ಕಟ್ಟಿಗೆ ಒಲೆಯ ಸೌನಾದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಒಲೆ ತಾನೇ ಗಾಳಿ ಎಳೆದುಕೊಳ್ಳುತ್ತದೆ.

ಚಾವಣಿಯ ಹತ್ತಿರ ಮೂರನೇ ಕಿಂಡಿಯೂ ಇದೆ. ಕೂತಿರುವಾಗ ಮುಚ್ಚಿರುತ್ತದೆ. ಎದ್ದು ಬಂದ ಮೇಲೆ ತೆಗೆದು, ಹೀಟರನ್ನು ಇನ್ನೊಂದು ಸ್ವಲ್ಪ ಹೊತ್ತು ಉರಿಯಲು ಬಿಟ್ಟು, ಕೋಣೆ ಒಣಗಿಸುತ್ತೇನೆ.

ಬಾಗಿಲು ಹೊರಗೆ ತೆರೆಯಬೇಕು, ಚಿಲಕ ಇರಬಾರದು. ಒಳಗೆ ಯಾರಿಗಾದರೂ ತಲೆ ಸುತ್ತಿದರೆ ಮೈ ಒರಗಿಸಿದರೂ ತೆರೆದುಕೊಳ್ಳಬೇಕು. ನೆಲಕ್ಕೆ ಟೈಲ್ಸ್, ನೀರು ಹೋಗಲು ಇಳಿಜಾರು, ಜಾಲಿ. ದೀಪ ಬೆನ್ನಿನ ಹಲಗೆಯ ಹಿಂದೆ, ಕಣ್ಣಿಗೆ ಕುಕ್ಕದ ಹಾಗೆ.

ಕಲ್ಲು ತುಂಬುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಹೊಳೆಯ ಕಲ್ಲು ತಂದು ಹಾಕಬಾರದು, ಒಳಗೆ ತೇವ ಇದ್ದರೆ ಸಿಡಿಯುತ್ತದೆ. ಸೌನಾಕ್ಕೆಂದೇ ಬರುವ ಆಲಿವಿನ್ ಡಯಾಬೇಸ್ ಕಲ್ಲನ್ನು ತೊಳೆದು, ದೊಡ್ಡದನ್ನು ಕೆಳಗೆ, ಚಿಕ್ಕದನ್ನು ಮೇಲೆ ಇಟ್ಟೆ. ಬಿಗಿಯಾಗಿ ತುಂಬಿದರೆ ನಡುವೆ ಗಾಳಿ ಆಡದೆ ಹೀಟರಿನ ಸುರುಳಿ ಸುಟ್ಟುಹೋಗುತ್ತದೆ. ಸುರುಳಿ ಕಾಣದ ಹಾಗೆ ಮುಚ್ಚಬೇಕು, ಆದರೆ ಸಡಿಲವಾಗಿರಬೇಕು. ಮೊದಲ ಸಲ ಕಾಯಿಸುವಾಗ ವಾಸನೆ, ಹೊಗೆ ಬರುತ್ತದೆ. ಬಾಗಿಲು ತೆರೆದಿಟ್ಟು, ಒಳಗೆ ಯಾರನ್ನೂ ಬಿಡದೆ ಒಂದು ಸುತ್ತು ಕಾಯಿಸಿದೆ.

ಆಮೇಲೆ ಅದೇ ಎರಡು ಥರ್ಮಾಮೀಟರ್ ತೂಗುಹಾಕಿದೆ. ತಲೆಯ ಹತ್ತಿರ 85, ಪಾದದ ಹತ್ತಿರ 68. ಒಂದು ಸೌಟು ನೀರು ಹುಯ್ದೆ. ಹಬೆ ಚಾವಣಿಗೆ ಏರಿ, ಮೆತ್ತಗೆ ಇಳಿದು, ಹೆಗಲು, ಮೊಣಕಾಲು ದಾಟಿ ಕಾಲ್ಬೆರಳಿಗೂ ಬಂತು. ಹದಿನೈದು ನಿಮಿಷ ಕೂತಿದ್ದೆ, ತಲೆ ಭಾರ ಆಗಲಿಲ್ಲ.

ಇದನ್ನು ನೋಡಿ ಪರಿಚಯದವರೊಬ್ಬರು ತಮ್ಮ ಜಿಮ್‌ಗೂ ಒಂದು ಕಟ್ಟಿಕೊಡಲು ಕರೆದರು. ಎಂಟು ಜನ ಕೂರುವಂಥದ್ದು. ಎತ್ತರದ ಲೆಕ್ಕ, ಗಾಳಿಯ ಲೆಕ್ಕ ಅದೇ, ಆದರೆ ಬಳಕೆ ಬೇರೆ. ದಿನವಿಡೀ ಬಾಗಿಲು ತೆರೆದು ಮುಚ್ಚುತ್ತಾರೆ, ಹಾಗಾಗಿ ವಾಣಿಜ್ಯ ಬಳಕೆಗೆಂದೇ ಮಾಡಿದ ಹೀಟರ್ ಬೇಕು. ಮನೆಯ ಹೀಟರ್ ಅಷ್ಟು ಹೊತ್ತು ಉರಿಯಲು ಮಾಡಿದ್ದಲ್ಲ. ಗೊತ್ತಿಲ್ಲದವರು ಬರುತ್ತಾರೆ, ಹೀಟರ್ ಸುತ್ತ ಮರದ ಕಟಕಟೆ ಕಟ್ಟಿದೆ. ಒಳಗೆ ಮರಳು ಗಡಿಯಾರ, ಕೈಗೆಟುಕುವ ಜಾಗದಲ್ಲಿ ಸಹಾಯದ ಗುಂಡಿ. ಕುಡಿದವರು ಒಳಗೆ ಹೋಗಬಾರದು, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು ಅನ್ನುವ ಫಲಕ ಬಾಗಿಲಿಗೇ ಹಾಕಿಸಿದೆ. ಬೆಂಚುಗಳನ್ನು ಒಬ್ಬರೇ ಎತ್ತಿ ಹೊರಗೆ ತರುವಷ್ಟು ಚಿಕ್ಕ ತುಂಡುಗಳಾಗಿ ಮಾಡಿದೆ. ಬೆವರು ಕೆಳಗಿನ ನೆಲಕ್ಕೆ ಸೋರುತ್ತದೆ, ಅದನ್ನು ದಿನಾ ತೊಳೆಯದಿದ್ದರೆ ತಿಂಗಳೊಳಗೆ ವಾಸನೆ.

ಮನೆಯಲ್ಲಿ ವರ್ಷಕ್ಕೊಮ್ಮೆ ಕಲ್ಲು ಇಳಿಸಿ, ಪುಡಿಯಾದದ್ದನ್ನು ತೆಗೆದು ಮತ್ತೆ ಜೋಡಿಸುತ್ತೇನೆ. ಜಿಮ್‌ನಲ್ಲಿ ಎರಡು ಮೂರು ತಿಂಗಳಿಗೇ ಆ ಕೆಲಸ ಬರುತ್ತದೆ. ಕಳೆದ ವಾರ ಅಲ್ಲಿ ಒಂದು ಬಕೆಟ್ ಪುಡಿ ಸಿಕ್ಕಿತು. ಹೊಸ ಕಲ್ಲು ತೊಳೆದು ಒಣಗಲು ಇಟ್ಟು ಬಂದಿದ್ದೇನೆ.