ಉದುರಿದ ಎಲೆಯಲ್ಲೇ ಮನೆ ಸಿಂಗಾರ: ನಾನು ಮಾಡುವ ರೀತಿ

ಶರತ್ಕಾಲದ ಅಲಂಕಾರ ಅಂದ ತಕ್ಷಣ ತುಂಬಾ ಜನಕ್ಕೆ ನೆನಪಾಗುವುದು ಪ್ಲಾಸ್ಟಿಕ್ ಎಲೆಯ ಮಾಲೆ. ನನಗಂತೂ ಅದು ಒಗ್ಗುವುದಿಲ್ಲ. ಮರದ ಬುಡದಲ್ಲಿ ಅಷ್ಟೊಂದು ಬಣ್ಣ ಪುಕ್ಕಟೆ ಬಿದ್ದಿರುವಾಗ ದುಡ್ಡು ಕೊಟ್ಟು ಯಾಕೆ ತರಬೇಕು, ಅಲ್ವಾ? ಆದರೆ ಎಲೆ ಹೆಕ್ಕಿ ತಂದು ಹಾಗೇ ಟೇಬಲ್ ಮೇಲೆ ಹರಡಿದರೆ ಕೆಲವೇ ದಿನದಲ್ಲಿ ಅಂಚು ಮುದುರಿ, ಬಣ್ಣ ಕಂದಿ, ಮುಟ್ಟಿದರೆ ಪುಡಿಪುಡಿಯಾಗುತ್ತದೆ. ಕಟ್ಟುವುದು, ಅಂಟಿಸುವುದು ಏನೂ ಕಷ್ಟವಲ್ಲ. ಅಸಲಿ ಕೆಲಸ ಇರುವುದು ಎಲೆಯ ಒಳಗಿನ ನೀರನ್ನು ಹದವಾಗಿ ಹೊರಗೆ ತೆಗೆಯುವುದರಲ್ಲಿ.

ಮೊದಲು ಆರಿಸುವ ವಿಷಯ. ಮಳೆ ಬಂದ ದಿನ ಹೋಗುವುದಿಲ್ಲ, ಬೆಳಗಿನ ಇಬ್ಬನಿ ಆರಿದ ಮೇಲೆ ಹೋಗುತ್ತೇನೆ. ಆಗಷ್ಟೇ ಬಿದ್ದ, ಬೆರಳಲ್ಲಿ ಬಗ್ಗಿಸಿದರೆ ಮುರಿಯದ ಎಲೆ ಬೇಕು. ತೊಟ್ಟು ಉದ್ದಕ್ಕೆ ಇರಲಿ, ಆಮೇಲೆ ಕಟ್ಟಲು ಅದೇ ಆಧಾರ. ಹಿಂಬದಿ ತಿರುಗಿಸಿ ನೋಡಿ, ಹುಳು ಅಥವಾ ಕಪ್ಪು ಬೂಷ್ಟು ಇದ್ದರೆ ಅಲ್ಲೇ ಬಿಟ್ಟುಬಿಡಿ, ಅದು ಪಕ್ಕದ ಎಲೆಗಳಿಗೂ ಹರಡುತ್ತದೆ.

ಅತಿ ಕಡಿಮೆ ಖರ್ಚಿನ ದಾರಿ ಅಂದರೆ ರದ್ದಿ ಪೇಪರ್. ಪೇಪರಿನ ಮೇಲೆ ಎಲೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೆ ಮತ್ತೆ ಪೇಪರ್, ಅದರ ಮೇಲೆ ದಪ್ಪ ಪುಸ್ತಕಗಳು. ಹೊಳಪಿನ ಮ್ಯಾಗಜೀನ್ ಹಾಳೆ ಬೇಡ, ಅದು ನೀರು ಹೀರುವುದಿಲ್ಲ. ಮರುದಿನವೇ ಒಂದು ಸಲ ಪೇಪರ್ ಬದಲಿಸಿ, ಯಾಕೆಂದರೆ ಮೊದಲ ದಿನವೇ ಜಾಸ್ತಿ ತೇವ ಬಿಡುತ್ತದೆ, ಆ ಒದ್ದೆ ಪೇಪರ್ ಹಾಗೇ ಇದ್ದರೆ ಬೂಷ್ಟು ಹಿಡಿಯುತ್ತದೆ. ಒಂದರಿಂದ ಎರಡು ವಾರ ಬೇಕು. ಒಣಗಿದೆಯೋ ಇಲ್ಲವೋ ತಿಳಿಯಲು ತೊಟ್ಟು ಹಿಡಿದು ಎಲೆಯನ್ನು ಅಡ್ಡಕ್ಕೆ ಎತ್ತಿ. ಜೋತು ಬಿದ್ದರೆ ಇನ್ನೂ ಹಸಿ, ನೆಟ್ಟಗೆ ನಿಂತರೆ ಆಯಿತು. ಹೀಗೆ ಒಣಗಿಸಿದ ಎಲೆಯಲ್ಲಿ ಬಣ್ಣ ಚೆನ್ನಾಗಿ ಉಳಿಯುತ್ತದೆ, ಆದರೆ ಸ್ವಲ್ಪ ಒತ್ತಿದರೂ ಮುರಿಯುತ್ತದೆ. ಫ್ರೇಮಿನ ಗಾಜಿನ ಹಿಂದೆ ಇಡಲು, ಕಿಟಕಿಗೆ ಅಂಟಿಸಲು ಇದು ಸರಿ.

ಮಾಲೆ ಕಟ್ಟಬೇಕೆಂದರೆ ನಾನು ಗ್ಲಿಸರಿನ್ ಬಳಸುತ್ತೇನೆ. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗ್ಲಿಸರಿನ್ ಸಾಕು. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬೆಚ್ಚಗಿನ ನೀರು. ಅಗಲವಾದ ತಟ್ಟೆಗೆ ಸುರಿದು ಎಲೆಗಳನ್ನು ಮುಳುಗಿಸಿ, ತೇಲದಂತೆ ಮೇಲೊಂದು ತಟ್ಟೆ ಇಡಿ. ಮೂರರಿಂದ ಐದು ದಿನ ಬಿಡಿ, ದಪ್ಪ ಎಲೆಗೆ ಇನ್ನೂ ಒಂದೆರಡು ದಿನ. ಎಲೆಯೊಳಗಿನ ನೀರಿನ ಜಾಗಕ್ಕೆ ಗ್ಲಿಸರಿನ್ ಸೇರಿಕೊಳ್ಳುತ್ತದೆ. ನೀರು ಆರಿ ಹೋದರೂ ಅದು ಆರುವುದಿಲ್ಲ, ಹಾಗಾಗಿ ಎಲೆ ತೆಳು ಚರ್ಮದ ಹಾಗೆ ಬಾಗುತ್ತದೆ. ಹೊರಗೆ ತೆಗೆದು, ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒತ್ತಿ ಒರೆಸಿ, ಇಲ್ಲದಿದ್ದರೆ ಕೈಗೆಲ್ಲ ಅಂಟು. ಬಣ್ಣ ಮಾತ್ರ ಒಂದು ಛಾಯೆ ಗಾಢವಾಗುತ್ತದೆ, ಕೆಂಪು ಹೋಗಿ ಕಂದುಗೆಂಪು ಬರುತ್ತದೆ. ನನಗೆ ಅದೇ ಇಷ್ಟ, ಕೆಲವರಿಗೆ ಆಗುವುದಿಲ್ಲ. ಉಳಿದ ದ್ರಾವಣ ಚೆಲ್ಲಬೇಡಿ, ಸೋಸಿ ಬಾಟಲಿಗೆ ಹಾಕಿಟ್ಟರೆ ಮುಂದಿನ ಕಂತಿಗೂ ಬರುತ್ತದೆ.

ಇಡೀ ರೆಂಬೆಯನ್ನೇ ಎಲೆ ಸಮೇತ ಉಳಿಸಿಕೊಳ್ಳುವ ಆಸೆ ಇದ್ದರೆ ಸಮಯ ನೋಡಿಕೊಳ್ಳಬೇಕು. ಎಲೆ ಪೂರ್ತಿ ಹಣ್ಣಾದ ಮೇಲೆ ಕತ್ತರಿಸಿದ ರೆಂಬೆ ಮನೆಗೆ ತಂದ ಮೇಲೂ ಉದುರುತ್ತಲೇ ಇರುತ್ತದೆ. ಉದುರುವ ಕಾಲ ಬಂದಾಗ ಮರವೇ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಎಲೆಗೆ ಹೋಗುವ ನೀರು ನಿಲ್ಲಿಸುತ್ತದೆ. ಆ ಪದರ ಕೂತ ಮೇಲೆ ಗ್ಲಿಸರಿನ್ ಕೂಡ ಮೇಲೇರುವುದಿಲ್ಲ. ಅದಕ್ಕೇ ಬಣ್ಣ ತಿರುಗಲು ಶುರುವಾಗುವ ಹೊತ್ತಿಗೇ ಕತ್ತರಿಸಿ, ತುದಿಯನ್ನು ಸುತ್ತಿಗೆಯಿಂದ ಸ್ವಲ್ಪ ಜಜ್ಜಿ, ಅದೇ ದ್ರಾವಣದಲ್ಲಿ ನಿಲ್ಲಿಸುತ್ತೇನೆ. ಎರಡು ಮೂರು ವಾರ ಹಿಡಿಯುತ್ತದೆ. ಎಲೆಯ ಅಂಚಿನಲ್ಲಿ ಸಣ್ಣ ಜಿಡ್ಡಿನ ಹನಿ ಕಂಡರೆ ಸಾಕಷ್ಟು ಕುಡಿದಿದೆ ಅಂತ ಲೆಕ್ಕ, ಹೊರಗೆ ತೆಗೆಯಿರಿ.

ಮೇಣದ್ದು ಇನ್ನೊಂದು ದಾರಿ, ಬಣ್ಣಕ್ಕೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಉರಿದು ಉಳಿದ ಮೇಣದ ಬತ್ತಿ ತುಂಡುಗಳನ್ನು ಒಂದು ಹಳೆ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ. ನೇರ ಉರಿಯ ಮೇಲೆ ಬೇಡವೇ ಬೇಡ, ಮೇಣ ಅತಿಯಾಗಿ ಕಾದರೆ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡ ಮೇಣಕ್ಕೆ ನೀರು ಹಾಕಿದರೆ ಇನ್ನೂ ಸಿಡಿಯುತ್ತದೆ. ಮಕ್ಕಳಿದ್ದರೆ ಈ ಹಂತದಲ್ಲಿ ದೂರ ಇರಲಿ. ಮೇಲಿನ ತೇವ ಒರೆಸಿದ ಎಲೆಯ ತೊಟ್ಟು ಹಿಡಿದು ಒಮ್ಮೆ ಅದ್ದಿ ತಕ್ಷಣ ಎತ್ತಿ, ಮೇಲಿನ ಹನಿ ಡಬ್ಬಿಗೇ ಕೊಡವಿ, ದಾರಕ್ಕೆ ನೇತುಹಾಕಿ. ಮೇಣ ಬಿಳಿಯಾಗಿ ದಪ್ಪಕ್ಕೆ ಕೂತರೆ ಅದು ಸಾಕಷ್ಟು ಬಿಸಿ ಇಲ್ಲ ಅಂತ ಅರ್ಥ. ತೆಳ್ಳಗೆ, ಕಂಡೂ ಕಾಣದ ಹಾಗೆ ಹತ್ತಬೇಕು.

ಇನ್ನು ಕಟ್ಟುವುದು. ಸೆಣಬಿನ ದಾರ, ಅಷ್ಟೇ. ಎಲೆಯ ಮೈಗೆ ಸೂಜಿ ಚುಚ್ಚಿದರೆ ತೂತಿನಿಂದ ಹರಿಯುತ್ತದೆ, ತೊಟ್ಟಿಗೇ ದಾರವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ. ಅಳತೆ ಹಿಡಿದು ಒಂದೇ ಅಂತರದಲ್ಲಿ ಕಟ್ಟಬೇಡಿ, ಒಂದು ಕಡೆ ಮೂರು ಒಟ್ಟಿಗೆ, ಇನ್ನೊಂದು ಕಡೆ ಒಂದೇ, ಮಧ್ಯೆ ಬರೀ ದಾರ, ಹೀಗಿದ್ದರೇ ಚೆಂದ. ದುಂಡು ಮಾಲೆಗೆ ತಂತಿಯ ಚೌಕಟ್ಟು ಕೊಳ್ಳುವುದು ಸುಮ್ನೆ ದಂಡ. ಹಸಿ ಬಳ್ಳಿಯನ್ನು, ಒಣಗಿದ್ದರೆ ಒಂದು ರಾತ್ರಿ ನೀರಲ್ಲಿ ನೆನೆಸಿದ ಬಳ್ಳಿಯನ್ನು ಸುತ್ತಿ, ತುದಿಯನ್ನು ಒಳಗೇ ಸಿಕ್ಕಿಸಿದರೆ ಒಣಗಿದ ಮೇಲೆ ಅದು ತಾನಾಗಿ ಗಟ್ಟಿ ನಿಲ್ಲುತ್ತದೆ.

ಪೈನ್ ಮರದ ಕಾಯಿ ಸಿಕ್ಕರೆ ಬಿಡಬೇಡಿ. ಒದ್ದೆಯಾದಾಗ ಅದರ ಎಸಳು ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಅರಳುತ್ತದೆ. ಮುಚ್ಚಿದ್ದು ಸಿಕ್ಕಿದರೆ ಹಾಳಾಗಿದೆ ಅಂದುಕೊಳ್ಳಬೇಡಿ. ಓವನ್ನಿನಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಅರಳುತ್ತದೆ, ಒಳಗಿನ ಹುಳುಗಳೂ ಸಾಯುತ್ತವೆ. ಓವನ್ ಬಿಟ್ಟು ಆ ಕಡೆ ಈ ಕಡೆ ಹೋಗಬೇಡಿ, ಕಾಯಿಯಲ್ಲಿ ಮರದ ಅಂಟು ಇರುತ್ತದೆ, ಅತಿಯಾಗಿ ಕಾದರೆ ಹೊತ್ತಿಕೊಳ್ಳಬಹುದು.

ಗೋಲ್ಡ್ ಸ್ಪ್ರೇ, ಮಿನುಗು ಪುಡಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಎಲೆಗೆ ಇಲ್ಲದ ಬಣ್ಣ ಕೊಡುವುದಾದರೆ ಎಲೆ ಯಾಕೆ, ಕಾಗದವೇ ಸಾಕಿತ್ತು. ಮಿನುಗು ಪುಡಿಯಂತೂ ಮುಂದಿನ ವರ್ಷದವರೆಗೂ ಮನೆಯ ಮೂಲೆಯಲ್ಲಿ ಸಿಗುತ್ತಲೇ ಇರುತ್ತದೆ!

ಎಲ್ಲಿ ಇಡುವುದು? ಮನೆ ತುಂಬಾ ಹರಡಬೇಡಿ, ಒಂದು ಕಡೆ ಸಾಕು. ಖಾಲಿ ಗೋಡೆಯ ಮುಂದೆ ಗಾಜಿನ ಬಾಟಲಿಯಲ್ಲಿ ಒಂದೇ ಒಂದು ಒಣ ರೆಂಬೆ, ಬುಡದಲ್ಲಿ ನಾಲ್ಕು ಕಾಯಿ. ನೇರ ಬಿಸಿಲು ಬೀಳುವ ಜಾಗ ಬೇಡ, ಬಣ್ಣ ಬೇಗ ಮಾಸುತ್ತದೆ. ಹತ್ತಿರದಲ್ಲಿ ಮೇಣದ ಬತ್ತಿ ಹಚ್ಚಲೇಬೇಡಿ, ಒಣ ಎಲೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬೆಳಕು ಬೇಕೆಂದರೆ ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಸಾಕು.

ಕಾಲ ಮುಗಿದ ಮೇಲೆ ಗ್ಲಿಸರಿನ್ ಎಲೆಗಳನ್ನು ರಟ್ಟಿನ ಡಬ್ಬಿಯಲ್ಲಿ, ಪೇಪರ್ ಪದರದ ಮಧ್ಯೆ ಇಡುತ್ತೇನೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವರಿ ಬೂಷ್ಟು ಬರುತ್ತದೆ. ಮೇಣದವು ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅವನ್ನು ಉಳಿಸುವ ಗೋಜಿಗೆ ಹೋಗುವುದಿಲ್ಲ. ಪೇಪರಿನಲ್ಲಿ ಒಣಗಿಸಿದವು ಮಾತ್ರ ಕೈಯಲ್ಲೇ ಪುಡಿ ಮಾಡಿ ಗಿಡದ ಬುಡಕ್ಕೆ ಹಾಕಬಹುದು.