ಠಾಣೆಯಿಂದ ಬರುವಾಗ ಕೈಯಲ್ಲಿ ಎಫ್‌ಐಆರ್ ಪ್ರತಿ ಇರಲಿ

ಹಾವೇರಿಯಲ್ಲಿ ಬಸ್ ಹತ್ತಿದ್ದೀರಿ. ಹುಬ್ಬಳ್ಳಿಯಲ್ಲಿ ಇಳಿದು ನೋಡಿದರೆ ಬ್ಯಾಗಿನಲ್ಲಿದ್ದ ಸರ ಇಲ್ಲ. ಠಾಣೆಗೆ ಹೋದರೆ, ‘ಕಳವಾಗಿದ್ದು ಶಿಗ್ಗಾವಿ ಕಡೆ ಇರಬೇಕು, ನಮ್ಮ ಹದ್ದಿಗೆ ಬರೂದಿಲ್ರಿ’ ಅನ್ನಬಹುದು. ಅಷ್ಟಕ್ಕೇ ಎದ್ದು ಬರಬೇಡಿ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಳವು, ವಂಚನೆಯಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ಅದರ 173ನೇ ಕಲಂ ಹೇಳುತ್ತದೆ. ಇದೇ ಜೀರೋ ಎಫ್‌ಐಆರ್. ಮೊದಲೂ ಇತ್ತು, ಈಗ ಕಾಯ್ದೆಯಲ್ಲೇ ಬಂದಿದೆ. ಪ್ರಕರಣವನ್ನು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ, ನಿಮ್ಮದಲ್ಲ.

ದೂರನ್ನು ಕನ್ನಡದಲ್ಲೇ ಬರೆಯಿರಿ. ಸುಮ್ನೆ ‘ಸರ ಕಳವಾಗಿದೆ’ ಅಂದರೆ ಸಾಲದು. ‘ಬೆಳಿಗ್ಗೆ 9ಕ್ಕೆ ಹಾವೇರಿ ನಿಲ್ದಾಣದಲ್ಲಿ ಬಸ್ ಹತ್ತಿದೆ, ಟಿಕೆಟ್ ಲಗತ್ತಿಸಿದ್ದೇನೆ, ಬಂಕಾಪುರದವರೆಗೆ ಸರ ಇತ್ತು, ನಿಲ್ದಾಣದ ಸಿಸಿಟಿವಿ ದೃಶ್ಯ ತೆಗೆಸಿಕೊಳ್ಳಬೇಕು’ ಎಂದು ಬಿಡಿಬಿಡಿಯಾಗಿ ಬರೆಯಿರಿ. ಕ್ಯಾಮೆರಾದ ಹಳೆ ದೃಶ್ಯದ ಮೇಲೆ ಹೊಸದು ಕೂತುಬಿಡುತ್ತದೆ, ಹಾಗಾಗಿ ಈ ಕೊನೆಯ ಮಾತು ಬಿಡಬೇಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ನಡೆಯುತ್ತದೆ. ಪೊಲೀಸರು ಬರೆದುಕೊಂಡು ಓದಿ ಹೇಳಬೇಕು, ಆಮೇಲೆ ನೀವು ಸಹಿ ಹಾಕಬೇಕು. ಆನ್‌ಲೈನ್‌ನಲ್ಲಿ ದೂರು ಕಳಿಸಿದವರು 3 ದಿನದೊಳಗೆ ಸಹಿ ಮಾಡಬೇಕು.

ಎಫ್‌ಐಆರ್ ಆದಮೇಲೆ ಅದರ ಪ್ರತಿಯನ್ನು ಕೂಡಲೇ ಪುಕ್ಕಟೆ ಕೊಡಬೇಕು. ದೂರುದಾರರಿಗೂ, ಸಂತ್ರಸ್ತರಿಗೂ ಈ ಹಕ್ಕಿದೆ. ‘ನಾಳೆ ಬರ್ರಿ’ ಅಂದರೆ ಒಪ್ಪಬೇಡಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. 3 ವರ್ಷ ಅಥವಾ ಮೇಲ್ಪಟ್ಟು, 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಎಫ್‌ಐಆರ್ ಹಾಕುವ ಮುಂಚೆ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ. ಬಡವರ ದೂರು ಸಿಕ್ಕಿಕೊಳ್ಳುವುದು ಇಲ್ಲೇ ಅನ್ನುವುದು ನನ್ನ ಆತಂಕ. ದೂರು ಕೊಟ್ಟ ದಿನವೇ ಸ್ವೀಕೃತಿ ಪಡೆದು, 14 ದಿನ ಯಾವಾಗ ಮುಗಿಯುತ್ತದೆ ಅಂತ ಗುರುತು ಹಾಕಿಕೊಳ್ಳಿ.

ದೂರು ತೆಗೆದುಕೊಳ್ಳಲೇ ಇಲ್ಲವೇ? ಅದರ ಸಾರಾಂಶ ಬರೆದು ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ. ಹುಬ್ಬಳ್ಳಿ-ಧಾರವಾಡ ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಜೊತೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಆಗ ಆ ರಸೀದಿ ಬೇಕೇ ಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಮೊಬೈಲಿನಲ್ಲಿ ಸಾಕ್ಷ್ಯವಿದ್ದರೆ ಫೋನ್ ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಬರೀ ಪ್ರಿಂಟ್ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

ಇನ್ನು, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಎಫ್‌ಐಆರ್ ನಂಬರ್ ಹಾಕಿ ಪತ್ರ ಬರೆದು ಕೇಳಿ.